ನೀರಿಗೆ ಬಂದ ಕೊಬ್ಬು

ಮುದುಕ ಬೆಳಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದವನು ಬಾಯಲ್ಲಿದ್ದ ಬ್ರಶ್ಶನ್ನು ಅಲ್ಲೇ ಮರೆತ. ನಿನ್ನೆ ಸಂಜೆಯವರೆಗೂ ಪಾತ್ರೆ ತೊಳೆದ ನೀರಿನ ಬಣ್ಣದಲ್ಲಿದ್ದ ಕೊಲ್ಲಿ ಬೆಳಗಾಗುವಷ್ಟರಲ್ಲಿ ಎಳೆ ಹುಲ್ಲಿನಂತೆ ಹಸಿರಾಗಿತ್ತು. ಗಾಳಿ ಇರಲಿಲ್ಲ, ಅಲೆಯೂ ಇರಲಿಲ್ಲ. ದಡಕ್ಕೆ ಕಟ್ಟಿದ ದೋಣಿ ನೀರಿನ ಮೇಲಿದೆಯೋ ಹುಲ್ಲಿನ ಮೇಲಿದೆಯೋ ತಿಳಿಯುತ್ತಿರಲಿಲ್ಲ. ನೀರಿಗೆ ಬಿದ್ದ ಬಿಸಿಲು ಪುಟಿದು ಅಡುಗೆಮನೆಯೊಳಗೆ ಬಂದು ಗೋಡೆ, ಮಾಡು, ಒಲೆಯ ಮೇಲಿನ ಹಾಲಿನ ಪಾತ್ರೆ ಎಲ್ಲದರ ಮೇಲೂ ಹಸಿರಾಗಿ ಓಲಾಡುತ್ತಿತ್ತು.

"ಎದ್ದೇಳ್ರೋ! ನೀರಿಗೆ ಕೊಬ್ಬು ಬಂದಿದೆ!"

ಒಲೆಯ ಮುಂದಿದ್ದ ಸೊಸೆ ತಿರುಗಿ ನೋಡದೆ, "ಯಾರಿಗೆ ಬಂತು ಮಾವ, ಬೆಳಬೆಳಗ್ಗೆ?" ಎಂದಳು.

"ನೀರಿಗಮ್ಮಾ, ನೀರಿಗೆ!"

"ಸದ್ಯ. ನನಗೇ ಅಂದ್ರೇನೋ ಅಂದ್ಕೊಂಡೆ."

ಬೇರೆಯವರ ಬಾಯಲ್ಲಿ ಕೊಬ್ಬು ಅಂದರೆ ಬೈಗುಳ. ಮುದುಕನ ಬಾಯಲ್ಲಿ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಅವನು ಐವತ್ತು ವರ್ಷದಿಂದ ಕೊಲ್ಲಿಯಲ್ಲಿ ಚಿಪ್ಪು ಬೆಳೆಸುವವನು. ನೀರೊಳಗೆ ಬಿದಿರಿನ ಗಳು ನೆಟ್ಟು ಚಪ್ಪರ ಕಟ್ಟಿ, ಚಪ್ಪರದಿಂದ ಹಗ್ಗ ಇಳಿಬಿಟ್ಟು, ಹಗ್ಗಕ್ಕೆ ಕಪ್ಪು ಚಿಪ್ಪಿನ ಮರಿಗಳನ್ನು ಸುತ್ತಿ ಬಿಡುವುದು ಅವನ ಕೆಲಸ. ಆಮೇಲೆ ಅವಕ್ಕೆ ಯಾರೂ ತಿನ್ನಿಸಬೇಕಾಗಿಲ್ಲ. ಚಿಪ್ಪು ದಿನವಿಡೀ ನೀರು ಕುಡಿದು, ಅದರೊಳಗಿನ ಕಣ್ಣಿಗೆ ಕಾಣದ ಹಸಿರನ್ನು ಸೋಸಿ ತಿಂದು, ಉಳಿದ ನೀರನ್ನು ಉಗುಳುತ್ತದೆ. ತಿಳಿನೀರಿಗೆ ಮುದುಕ ಬಡನೀರು ಅನ್ನುತ್ತಿದ್ದ. ಒಂದಿಷ್ಟು ಹಸಿರು ಬೆರೆತರೆ ಅದು ಕೊಬ್ಬುನೀರು. ಅಂಥ ನೀರು ಅವನ ಬದುಕಿನಲ್ಲಿ ಮೂರು ಸಲ ಬಂದಿತ್ತು. ಒಂದು ಸಲ ದೋಣಿಯಾಯಿತು, ಇನ್ನೊಂದು ಸಲ ಮದುವೆಯಾಯಿತು, ಮತ್ತೊಂದು ಸಲ ಈ ಮನೆಗೆ ಗಟ್ಟಿ ಮಾಡಾಯಿತು.

ಮನೆಗೆ ಅನ್ನ ಬರುವ ಇನ್ನೊಂದು ದಾರಿ ಸೊಸೆಯದು. ಹಿತ್ತಲಲ್ಲೇ ತಗಡಿನ ಮಾಡಿನ ಕೆಳಗೆ ಬಟ್ಟೆ ಒಗೆಯುವ ಎರಡು ದೊಡ್ಡ ಮಷಿನ್ನು, ಒಂದು ಸಿಮೆಂಟ್ ತೊಟ್ಟಿ, ಅಂಗಳದ ತುಂಬ ಹಗ್ಗ. ದಡದುದ್ದಕ್ಕೂ ಎದ್ದಿದ್ದ ಗೆಸ್ಟ್‌ಹೌಸ್‌ಗಳ ಬೆಡ್‌ಶೀಟುಗಳೆಲ್ಲ ಇಲ್ಲಿಗೆ ಬರುತ್ತಿದ್ದವು. ಒಗೆದ ನೀರು ಒಂದು ಪೈಪಿನಲ್ಲಿ ನೇರ ಕೊಲ್ಲಿಗೆ ಹೋಗುತ್ತಿತ್ತು. ಆರು ವರ್ಷದ ಹಿಂದೆ ಅವಳು ಇದನ್ನು ಶುರು ಮಾಡಿದಾಗ ಮುದುಕ, "ಊರವರ ಮೈಕೊಳೆ ನಮ್ಮನೆ ಹಿತ್ತಲಿಗೇ ಬರ್ಬೇಕಾ?" ಎಂದಿದ್ದ. ಒಂದೇ ಸಲ ಅಂದದ್ದು, ಸೊಸೆ ಮರೆಯಲಿಲ್ಲ. ಅಲ್ಲಿಂದೀಚೆಗೆ ಮಾವ ಸೊಸೆಯ ಮಧ್ಯೆ ಜಗಳವೂ ಇಲ್ಲ, ಸಲಿಗೆಯೂ ಇಲ್ಲ. ಮಷಿನ್ನಿಗೆ ಅವನು 'ಆ ಗುಡುಗುಡು' ಅನ್ನುತ್ತಿದ್ದ. ಆ ಗುಡುಗುಡುವಿನಿಂದಲೇ ಮೊಮ್ಮಗಳ ಕಾಲಿಗೆ ಶೂ ಬರುವುದು ಎಂದು ಗೊತ್ತಿದ್ದರೂ ಅನ್ನುತ್ತಿದ್ದ.

ಮಗ ಊರಿನ ನಲ್ಲಿ ರಿಪೇರಿಯವನು. ಮಾತು ಕಡಿಮೆ, ಸ್ಪ್ಯಾನರ್ ಸದ್ದು ಜಾಸ್ತಿ. ಮೊಮ್ಮಗಳಿಗೆ ಹನ್ನೆರಡು. ಬಾಯಿ ತೆರೆದರೆ ಪ್ರಶ್ನೆಯೇ ಆದ್ದರಿಂದ ಮನೆಯಲ್ಲಿ ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರು.

ಆ ದಿನವೇ ಮುದುಕ ಅಟ್ಟದ ಮೇಲಿನ ಹಳೆ ಹಗ್ಗಗಳನ್ನೆಲ್ಲ ಇಳಿಸಿದ. ಸಾಲದೆಂದು ಕಂಡಿತು. ಅಂಗಳದಲ್ಲಿ ನಿಂತು ಸೊಸೆಯ ಬಟ್ಟೆ ಹಗ್ಗಗಳ ಕಡೆ ನೋಡತೊಡಗಿದ.

"ಆಗಲ್ಲ ಮಾವ," ಎಂದಳು ಸೊಸೆ.

"ನಾನೇನೂ ಕೇಳಿಲ್ಲವಲ್ಲ."

"ಕಣ್ಣಲ್ಲೇ ಕೇಳ್ತಿದೀರಿ."

"ನಾಲ್ಕು ಸಾಕು. ನೈಲಾನ್ ಹಗ್ಗ, ಗಟ್ಟಿಯಾಗಿದೆ."

"ನೂರಿಪ್ಪತ್ತು ಬೆಡ್‌ಶೀಟ್ ಎಲ್ಲಿ ಹರವಲಿ? ನಿಮ್ಮ ತಲೆ ಮೇಲಾ?"

"ಹರವು. ಕೂದಲಿಲ್ಲ, ಬೇಗ ಒಣಗುತ್ತೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಆರು ವರ್ಷದಲ್ಲಿ ಮಾವ ಅವಳ ಜೊತೆ ಆಡಿದ ಮೊದಲ ತಮಾಷೆ ಅದು. ಮುಖ ತಿರುಗಿಸಿಕೊಂಡು ನಾಲ್ಕರ ಬದಲು ಆರು ಹಗ್ಗ ಬಿಚ್ಚಿಕೊಟ್ಟಳು.

ಸಂಜೆ ನಾಲ್ವರೂ ತಗಡಿನ ಮಾಡಿನ ಕೆಳಗೆ ಕೂತು ಹರಿದ ಬೆಡ್‌ಶೀಟುಗಳನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿದರು. ಗೆಸ್ಟ್‌ಹೌಸಿನವರು ಬೇಡವೆಂದು ಬಿಟ್ಟವು ಅವು. ಪಟ್ಟಿಯ ಮೇಲೆ ಮರಿಗಳನ್ನು ಸಾಲಾಗಿ ಹರಡಿ, ಮಧ್ಯೆ ಹಗ್ಗ ಇಟ್ಟು, ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿ ಹೊಲಿಯಬೇಕು.

"ಬಟ್ಟೆ ಯಾಕೆ ತಾತ?" ಎಂದಳು ಪ್ರಶ್ನೆಪತ್ರಿಕೆ.

"ಮರಿಗೆ ಕೈಯಿಲ್ವಲ್ಲ. ಹಗ್ಗ ಕಚ್ಚಿಕೊಳ್ಳೋಕೆ ಎರಡು ಮೂರು ದಿನ ಬೇಕು. ಅಲ್ಲೀವರೆಗೆ ಬಟ್ಟೆ ಹಿಡ್ಕೊಂಡಿರುತ್ತೆ. ಆಮೇಲೆ ಕೊಳೆತು ಹೋಗುತ್ತೆ."

"ಇದ್ರ ಮೇಲೆ ಯಾರ್ಯಾರು ಮಲಗಿದ್ರೋ!"

"ಯಾರಾದ್ರೂ ಮಲಗಿರ್ಲಿ. ಈಗ ಇವು ಮಲಗ್ತವೆ."

ಆ ದಿನಗಳು ಅರೆನಿದ್ದೆಯಲ್ಲಿ ಕಳೆದ ಹಾಗೆ ಕಳೆದವು. ಮಷಿನ್ನು ಗುಡುಗುಡು ಅನ್ನುತ್ತಿತ್ತು. ಬಿಳಿ ಬೆಡ್‌ಶೀಟುಗಳು ಗಾಳಿಯಿಲ್ಲದೆ ನೆಟ್ಟಗೆ ಇಳಿಬಿದ್ದಿರುತ್ತಿದ್ದವು. ಅವುಗಳ ನಡುವೆ ನಡೆದು ಹೋದವರು ಎಲ್ಲಿಂದ ಹೊರಗೆ ಬರುತ್ತಾರೆ ಎಂದು ಹೇಳುವ ಹಾಗಿರಲಿಲ್ಲ. ಬೆಡ್‌ಶೀಟಿನ ಆಚೆ ಹಸಿರು ನೀರು, ಈಚೆ ಹಸಿರು ಬೆಳಕು. ಊಟವಾದ ಮೇಲೆ ಎಲ್ಲರಿಗೂ ಕಣ್ಣು ಎಳೆಯುತ್ತಿತ್ತು.

ಎರಡು ವಾರದ ಮೇಲೆ ಒಂದು ದಿನ ಮುದುಕ ಒದ್ದೆ ಕೈಯಲ್ಲೇ ಅಡುಗೆಮನೆಗೆ ಬಂದು ಸೊಸೆಯ ಮುಂದೆ ಒಂದು ಚಿಪ್ಪು ಹಿಡಿದ. ಅಂಗೈ ತುಂಬುವಷ್ಟು ದೊಡ್ಡದಿತ್ತು.

"ನೋಡು. ನಿನ್ನ ಪೈಪಿನ ಬಾಯಲ್ಲಿ ಕಲ್ಲಿಗೆ ಅಂಟಿಕೊಂಡಿತ್ತು. ಇದೇ ವಯಸ್ಸಿನ ನನ್ನ ಚಿಪ್ಪು ಇದರ ಅರ್ಧ ಇದೆ. ನಿನ್ನ ಸೋಪಿನ ನೀರು ಕುಡಿದು ಹೀಗಾಗಿದೆ ಕಣಮ್ಮ."

"ಸೋಪು ಕುಡಿದ್ರೆ ಸಾಯಲ್ವಾ ಮಾವ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ಸತ್ತಿಲ್ವಲ್ಲ! ನೀನು ಮನೇಲಿ ನಮಗೆ ಬಡಿಸ್ತೀಯ, ಹಿತ್ತಲಲ್ಲಿ ಅವಕ್ಕೂ ಬಡಿಸ್ತಿದೀಯ. ನನಗೇ ಗೊತ್ತಿರ್ಲಿಲ್ಲ ನೋಡು."

ಸೌಟು ಹಿಡಿದ ಸೊಸೆಯ ಕೈ ನಿಂತುಹೋಯಿತು. ಆರು ವರ್ಷ ಮುಳ್ಳಿನ ಹಾಗೆ ಒಳಗೇ ಉಳಿದಿದ್ದ ಆ 'ಮೈಕೊಳೆ' ಎಂಬ ಮಾತು ಒಮ್ಮೆಲೇ ಕಿತ್ತು ಬಂದ ಹಾಗಾಯಿತು. ಅವಳಿಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿರಲಿಲ್ಲವಾದ್ದರಿಂದ ನೆಪ ಸಿಗದೆ ಹಿತ್ತಲಿಗೆ ಹೋದಳು.

ಅಂದಿನಿಂದ ಮುದುಕ ತನ್ನ ಗಳುಗಳನ್ನು ಒಂದೊಂದಾಗಿ ಕಿತ್ತು ತಂದು ಪೈಪಿನ ಬಾಯಿಯ ಸುತ್ತ ನೆಡತೊಡಗಿದ. ಹತ್ತು ದಿನದಲ್ಲಿ ಇಡೀ ಚಪ್ಪರ ಹಿತ್ತಲಿಗೆ ಬಂದಿತ್ತು. ಮಷಿನ್ನಿಗೆ ಗುಡುಗುಡು ಅನ್ನುವುದನ್ನೂ ಬಿಟ್ಟ. ಅದು ನೀರು ಬಿಡುವ ಸದ್ದು ಕೇಳಿದರೆ ಎಲ್ಲಿದ್ದರೂ, "ಬಡಿಸಿದ್ಲು ನೋಡು" ಅನ್ನುತ್ತಿದ್ದ. ಸೊಸೆ ಅದನ್ನು ಕೇಳಿಸಿಕೊಳ್ಳಲೆಂದೇ ಕೆಲವೊಮ್ಮೆ ಬೇಕಿಲ್ಲದಿದ್ದರೂ ಇನ್ನೊಂದು ಸಲ ಜಾಲಿಸಿ ನೀರು ಬಿಡುತ್ತಿದ್ದಳು.

ಮನೆಯಲ್ಲಿ ದಿನವೂ ಚಿಪ್ಪಿನದೇ ಊಟ. ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು ಒಂದು ದಿನ, ಮೆಣಸು ಹಾಕಿ ಹುರಿದದ್ದು ಇನ್ನೊಂದು ದಿನ.

"ಇವತ್ತೂ ಇದೇನಾ?" ಎಂದಳು ಪ್ರಶ್ನೆಪತ್ರಿಕೆ ತಟ್ಟೆ ನೋಡಿ.

"ತಿನ್ನೇ. ಪಟ್ಟಣದಲ್ಲಿ ಇದಕ್ಕೆ ಕ್ಯೂ ನಿಲ್ತಾರೆ," ಎಂದ ಮುದುಕ.

ಮಗ ಒಂದು ಚಿಪ್ಪು ಬಿಡಿಸಿ, ಮೂಸಿ, ತಟ್ಟೆಯ ಅಂಚಿಗಿಟ್ಟ. "ಅಪ್ಪ, ಇಷ್ಟೊಂದು ಹಸಿರು ಒಳ್ಳೇದಲ್ಲ ಅನ್ಸುತ್ತೆ. ಇವತ್ತು ನೀರಿಗಿಳಿದಿದ್ದೆ, ಕಾಲು ಲೋಳೆ ಲೋಳೆ."

"ಐವತ್ತು ವರ್ಷದಲ್ಲಿ ಮೂರು ಸಲ ನೋಡಿದೀನಿ ನಾನು. ನೀನು ಎಷ್ಟು ಸಲ ನೋಡಿದೀಯ?"

"ಆಗೆಲ್ಲ ಎಷ್ಟು ದಿನ ಇತ್ತು?"

"ಎಂಟು ದಿನ, ಹತ್ತು ದಿನ."

"ಈಗ ತಿಂಗಳು ದಾಟಿತು."

"ದಾಟ್ಲಿ. ಆಗ ಬಡಿಸೋರು ಇರ್ಲಿಲ್ಲ, ಈಗ ನನ್ನ ಸೊಸೆ ಇದಾಳೆ. ನೀನು ನಲ್ಲಿಯವನು, ನಲ್ಲಿ ನೋಡ್ಕೋ."

ಸೊಸೆಯ ಮುಖ ಅರಳಿತು. ಮಗ ಆ ಮುಖವನ್ನು ನೋಡಿ ಮುಂದೆ ಮಾತಾಡಲಿಲ್ಲ. ದಡದ ಗೆಸ್ಟ್‌ಹೌಸ್‌ಗಳಿಗೆ ಪೈಪು ಹಾಕಿದವನು ಅವನೇ. ಆ ಪೈಪುಗಳು ಎಲ್ಲಿ ಹೋಗಿ ಬಾಯಿ ಬಿಡುತ್ತವೆಂದು ಅವನಿಗೆ ಗೊತ್ತಿತ್ತು, ಮಾತಾಡದಿರಲು ಅದೂ ಒಂದು ಕಾರಣ.

ಆರನೆಯ ವಾರ ಗೆಸ್ಟ್‌ಹೌಸ್‌ಗಳು ಖಾಲಿ ಬಿದ್ದವು. ಮಷಿನ್ನು ದಿನಕ್ಕೊಂದೇ ಸಲ ತಿರುಗುತ್ತಿತ್ತು. ನೀರಿನ ಹಸಿರು ಸ್ವಲ್ಪ ತೆಳುವಾಯಿತು, ಅಥವಾ ಮುದುಕನಿಗೆ ಹಾಗೆ ಕಂಡಿತು. ಅವನು ದಡದ ಕಲ್ಲಿನ ಮೇಲೆ ಕೂತು, ನೀರಲ್ಲಿ ಕೈಯದ್ದಿ ಎತ್ತಿ ನೋಡುತ್ತಿದ್ದ.

"ಬಡವಾಗ್ತಿದೆ ಕಣಮ್ಮ. ಇನ್ನು ಮೂರು ವಾರ ಮೊದಲಿನ ಹಾಗೇ ಇದ್ದಿದ್ರೆ ಸಾಕಿತ್ತು. ಬೆಳೆ ತೆಗೆದುಬಿಡ್ತಿದ್ದೆ."

"ಬಟ್ಟೆ ಬಂದಿಲ್ಲವಲ್ಲ ಮಾವ," ಎಂದಳು ಸೊಸೆ, ತಪ್ಪು ತನ್ನದೇ ಎಂಬಂತೆ.

"ನಿನ್ನನ್ನ ಅಂದೆನಾ? ಸುಮ್ನೆ ಹೇಳಿದೆ."

ಅವನು ಸುಮ್ಮನೆ ಹೇಳಿದ್ದು ಅವಳೊಳಗೆ ಸುಮ್ಮನೆ ಕೂರಲಿಲ್ಲ. ಮರುದಿನ ಮುದುಕ ಗೋಣಿಚೀಲ ತರಲು ಪೇಟೆಗೆ ಹೋಗಿದ್ದ, ಗಂಡ ಕೆಲಸಕ್ಕೆ ಹೋಗಿದ್ದ. ಮಷಿನ್ನಿನ ಹಿಂದೆ ಉಪ್ಪುಗಾಳಿಗೆ ಕಲ್ಲಾಗಿದ್ದ ಅರ್ಧ ಮೂಟೆ ಸೋಪಿನ ಪುಡಿ ಇತ್ತು. ಸೊಸೆ ಅದನ್ನು ಎಳೆದು ತಂದು ಗುಂಡುಕಲ್ಲಿನಿಂದ ಕುಟ್ಟಿ, ತೊಟ್ಟಿಯಲ್ಲಿ ಕದಡಿ, ಅಡಿಯ ಬಿರಡೆ ಎಳೆದಳು. ನೊರೆ ಸುಯ್ಯೆಂದು ಪೈಪಿಗೆ ಇಳಿಯಿತು.

ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. "ಏನಮ್ಮ ಅದು?"

"ಊಟ," ಎಂದಳು ಅಮ್ಮ, ತಾನೇ ನಕ್ಕು. "ತಾತಂಗೆ ಹೇಳ್ಬೇಡ. ಅವರಾಗೇ ನೋಡಿ ಖುಷಿಪಡ್ಲಿ."

ಆಮೇಲೆ ಮಡಿಸಿದ ಬೆಡ್‌ಶೀಟಿನ ರಾಶಿಗೆ ಒರಗಿದವಳಿಗೆ ಜೊಂಪು ಹತ್ತಿತು. ನೀರೊಳಗೆ ಅಷ್ಟೂ ಚಿಪ್ಪುಗಳು ಒಟ್ಟಿಗೆ ಬಾಯಿ ತೆರೆದು ತನ್ನ ಕಡೆ ತಿರುಗಿದ ಹಾಗೆ, ತಾನು ಸೌಟು ಹಿಡಿದು ಹಗ್ಗದಿಂದ ಹಗ್ಗಕ್ಕೆ ನಡೆಯುತ್ತಿದ್ದ ಹಾಗೆ ಕಂಡಿತು. ಅಷ್ಟು ನೆಮ್ಮದಿಯ ನಿದ್ದೆ ಅವಳಿಗೆ ಎಷ್ಟೋ ದಿನದಿಂದ ಬಂದಿರಲಿಲ್ಲ.

ಎರಡು ದಿನದ ಮೇಲೆ ಮೇಲಿನ ಹೊಲಗಳ ಕಡೆ ಜೋರು ಮಳೆಯಾಗಿ ಹಳ್ಳ ಕೆಂಪಗೆ ಹರಿದು ಕೊಲ್ಲಿ ಸೇರಿತು. ಹಿಂದೆಯೇ ಬಿಸಿಲು. ಗಾಳಿ ಎಲ್ಲಿ ಹೋಯಿತೋ ಹೋಯಿತು. ಈಗ ನೀರು ಹುಲ್ಲಿನ ಬಣ್ಣದಲ್ಲಿರಲಿಲ್ಲ, ಡಬ್ಬಿಯಿಂದ ಸುರಿದ ಪೇಂಟಿನಂತೆ ದಪ್ಪಗಿತ್ತು. ದೋಣಿ ಹೋದರೆ ಹಿಂದೆ ಕಪ್ಪು ಗೀರು ಬಿದ್ದು ಎಷ್ಟೋ ಹೊತ್ತು ಹಾಗೇ ಇರುತ್ತಿತ್ತು. ಮುದುಕ ಮೊದಲ ದಿನ ಕುಣಿದ. ಮೂರನೆಯ ದಿನ ಸುಮ್ಮನಾದ. ಐದನೆಯ ದಿನ ಊಟದ ಮಧ್ಯೆ ಎದ್ದು ಹೋಗಿ ನೀರನ್ನು ಮೂಸಿ ಬಂದ.

"ಏನಾಯ್ತು ಮಾವ?"

"ಏನಿಲ್ಲ. ಉಣ್ಣು."

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಪ್ರಶ್ನೆಪತ್ರಿಕೆ ಹಿತ್ತಲಿನಿಂದ ಓಡಿಬಂದಳು. "ಅಮ್ಮಾ, ಮೀನೆಲ್ಲ ದಡಕ್ಕೆ ಬಂದಿವೆ! ಕೈಯಲ್ಲೇ ಹಿಡೀಬಹುದು!"

ನಿಜವಾಗಿಯೂ ಬಂದಿದ್ದವು. ನೀರಿನ ಅಂಚಿನಲ್ಲಿ ಬೆರಳುದ್ದದವು, ಮೊಳದುದ್ದದವು, ತಳದ ಕೆಸರು ಬಿಟ್ಟು ಎಂದೂ ಮೇಲೆ ಬಾರದ ಚಪ್ಪಟೆ ಮೀನುಗಳು, ಎಲ್ಲ ಒಂದರ ಪಕ್ಕ ಒಂದು ಮಲಗಿ ಬಾಯಿಯನ್ನು ನೀರಿನಿಂದ ಮೇಲಕ್ಕೆ ಚಾಚಿದ್ದವು. ಏಡಿಗಳು ಕಲ್ಲು ಹತ್ತಿ, ದೋಣಿಯ ಹಗ್ಗ ಹತ್ತಿ, ಸೊಸೆಯ ಪೈಪಿನ ಮೇಲೂ ಹತ್ತಿ ಸಾಲಾಗಿ ಕೂತಿದ್ದವು. ಕೈ ಹಾಕಿದರೆ ಒಂದೂ ಓಡುತ್ತಿರಲಿಲ್ಲ. ಅಕ್ಕಪಕ್ಕದವರು ಬಕೆಟ್ಟು, ಬುಟ್ಟಿ, ಬೆಡ್‌ಶೀಟು ಹಿಡಿದು ಮೊಣಕಾಲು ನೀರಿಗಿಳಿದಿದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮಗು ಮಲಗಿದ ಕೋಣೆಯಲ್ಲಿ ನಗುವ ಹಾಗೆ ಮೆಲ್ಲಗೆ ನಗುತ್ತಿದ್ದರು. ಉಳಿದಂತೆ ಸಾವಿರ ಬಾಯಿಗಳ ಸಣ್ಣ ಪಚಪಚ ಸದ್ದು ಮಾತ್ರ.

ಸೊಸೆ ತಾನು ಕಂಡ ಕನಸೇ ಎದುರಿಗೆ ಬಂದು ನಿಂತಂತೆ ನಿಂತಳು. 'ಊಟಕ್ಕೆ ಬಂದಿವೆ' ಅನ್ನಿಸಿ ಅವಳ ಎದೆ ತುಂಬಿತು. ಬಕೆಟ್ಟು ತಂದು ಬಗ್ಗಿದಳು.

"ಮುಟ್ಬೇಡ!" ಎಂದ ಮುದುಕ ಹಿಂದಿನಿಂದ. "ಅವು ಉಸಿರಿಗೆ ಬಂದಿವೆ."

ಅವನು ಚಪ್ಪರದ ಕಡೆ ನಡೆದ. ಒಂದು ಹಗ್ಗ ಎಳೆದು ನೋಡಿದ. ಚಿಪ್ಪುಗಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದವು.

"ಇದಾವೆ," ಎಂದ. "ಮುಚ್ಕೊಂಡು ತಡೀತಿದಾವೆ. ಮೂರು ದಿನ ತಡೀಬಹುದು. ಗಾಳಿ ಬಂದು ನೀರು ಕದಡಿದ್ರೆ ಸಾಕು."

ಮೂರು ದಿನ ಮನೆಯಲ್ಲಿ ಯಾರೂ ಗಾಳಿಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅಪ್ಪ ಮಗ ಸೇರಿ ಹಗ್ಗಗಳನ್ನು ದೋಣಿಗೆ ಎಳೆದುಕೊಂಡು ಕೊಲ್ಲಿಯ ಬಾಯಿಗೆ ಸಾಗಿಸಲು ನೋಡಿದರು. ಚಿಪ್ಪು ಎಷ್ಟು ಕೊಬ್ಬಿತ್ತೆಂದರೆ ಇಬ್ಬರೂ ಜಗ್ಗಿದರೂ ಹಗ್ಗ ಮೇಲೆ ಬರಲಿಲ್ಲ. ಎರಡು ಹಗ್ಗ ತುಂಡಾಗಿ ಕೆಳಗೆ ಹೋದವು. ಸೊಸೆಯೂ ನೀರಿಗಿಳಿದು ಭುಜ ಕೊಟ್ಟಳು. ಅವಳ ಅಂಗೈ ಚರ್ಮ ಕಿತ್ತುಬಂತು, ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಸಂಜೆ ಮುದುಕ ಬೆರಳು ಒದ್ದೆ ಮಾಡಿ ಮೇಲೆತ್ತಿ ಹಿಡಿಯುತ್ತಿದ್ದ. ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಚಿಪ್ಪುಗಳೆಲ್ಲ ಬಾಯಿ ತೆರೆದಿದ್ದವು. ಒಳಗಿದ್ದುದು ನೀರಿಗೆ ಕಳಚಿ ಬಿದ್ದು ಕೊಳೆಯುತ್ತಿತ್ತು. ಆ ವಾಸನೆ ಮನೆಯೊಳಗೆ ಬಂತು, ಬೆಡ್‌ಶೀಟಿಗೆ ಹತ್ತಿತು, ಅನ್ನಕ್ಕೂ ಹತ್ತಿತು. ಮುದುಕ ದೋಣಿಯಲ್ಲಿ ಕೂತು ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಮುಚ್ಚಿ ನೋಡುತ್ತಿದ್ದ. ಬಿಟ್ಟರೆ ಅವು ಮತ್ತೆ ತೆರೆದುಕೊಳ್ಳುತ್ತಿದ್ದವು. ನೋಡಲಾಗದೆ ಸೊಸೆ ಕಿಟಕಿ ಮುಚ್ಚಿದಳು.

ಎರಡು ದಿನ ಬಿಟ್ಟು ನೀರು ಪರೀಕ್ಷೆಯ ಆಫೀಸಿನಿಂದ ಒಬ್ಬಳು ಹೆಂಗಸು ಪೆಟ್ಟಿಗೆ ತುಂಬ ಸೀಸೆ ಹಿಡಿದು ಬಂದಳು. ಊರಿನವರು ಅವಳನ್ನು ನೀರಿನ ಮೇಡಂ ಅನ್ನುತ್ತಿದ್ದರು. ಅವಳು ಪೈಪಿನ ಬಾಯಲ್ಲಿ ಒಂದು ಸೀಸೆ ತುಂಬಿಕೊಳ್ಳುತ್ತಿದ್ದಾಗ ಸೊಸೆ ಚಹಾ ತಂದು ಕೊಟ್ಟು, ಸೆರಗಿನ ಅಂಚು ಸುತ್ತುತ್ತ ಕೇಳಿದಳು. "ಮೇಡಂ, ಅರ್ಧ ಮೂಟೆ ಸೋಪಿನ ಪುಡಿ ಹಾಕಿದ್ರೆ ಹೀಗಾಗುತ್ತಾ?"

"ಯಾರು ಹಾಕಿದ್ರು?"

"ಯಾರೂ ಇಲ್ಲ. ಸುಮ್ನೆ ಕೇಳಿದೆ."

"ಅದೊಂದರಿಂದ ಆಗಲ್ಲಮ್ಮ. ಸೋಪಿದೆ, ಕಕ್ಕಸು ನೀರಿದೆ, ಮೊನ್ನೆ ಮಳೆಗೆ ಹೊಲದ ಗೊಬ್ಬರವೆಲ್ಲ ಕೊಚ್ಚಿಕೊಂಡು ಬಂತು. ಎಲ್ಲವೂ ಪಾಚಿಗೆ ಊಟ. ಸ್ವಲ್ಪ ಇದ್ರೆ ಚಿಪ್ಪು ಪಾಚಿ ತಿಂದು ಬೆಳೆಯುತ್ತೆ. ವಿಪರೀತ ಆದ್ರೆ ಯಾರು ತಿನ್ತಾರೆ? ಹಾಗೇ ಸತ್ತು ತಳಕ್ಕೆ ಬಿದ್ದು ಕೊಳೆಯುತ್ತೆ. ಕೊಳೆಯೋವಾಗ ನೀರಲ್ಲಿದ್ದ ಉಸಿರನ್ನೆಲ್ಲ ಎಳ್ಕೊಂಡುಬಿಡುತ್ತೆ." ಮೇಡಂ ಸೀಸೆಗೆ ಚೀಟಿ ಅಂಟಿಸಿದಳು. "ಈ ಕೊಲ್ಲಿಗೆ ಎಷ್ಟು ಪೈಪು ಬಂದು ಬೀಳುತ್ತೆ, ಯಾರಿಗಾದ್ರೂ ಗೊತ್ತಾ?"

"ಮೂವತ್ತೊಂದು," ಎಂದ ಬಾಗಿಲಲ್ಲಿ ನಿಂತಿದ್ದ ಮಗ. "ಅದ್ರಲ್ಲಿ ಹತ್ತೊಂಬತ್ತು ನಾನೇ ಹಾಕಿದ್ದು."

ಹೇಳಿ ಅವನು ಹೆಂಡತಿಯ ಕಡೆ ನೋಡಿದ. ಅರ್ಧ ಮೂಟೆಯ ಮಾತು ಅವನಿಗೆ ಅರ್ಥವಾಗಿತ್ತು.

"ಅಪ್ಪಂಗೆ ಹೇಳ್ಬೇಡ," ಎಂದ, ಮೇಡಂ ಹೋದ ಮೇಲೆ. "ಅದೊಂದರಿಂದ ಆಗಿಲ್ಲ ಅಂತ ಅವರೇ ಹೇಳಿದ್ರಲ್ಲ."

"ಅವರು ಹೇಳಿದ್ದು ನೀರಿನ ವಿಷಯ ರೀ. ನಾನು ಮಾವನ ಮುಖ ನೋಡ್ಬೇಕಲ್ಲ."

ಆ ರಾತ್ರಿ ಊಟಕ್ಕೆ ಚಿಪ್ಪಿರಲಿಲ್ಲ. ಬೇಳೆ, ಅನ್ನ. ಮುದುಕ ಎರಡು ತುತ್ತು ತಿಂದಿದ್ದ. ಸೊಸೆ ನಿಂತೇ ಹೇಳಿದಳು.

"ಮಾವ, ನೀವು 'ನೀರು ಬಡವಾಗ್ತಿದೆ' ಅಂದಿದ್ರಲ್ಲ. ಮರುದಿನ ನೀವು ಪೇಟೆಗೆ ಹೋದಾಗ ನಾನು ಅರ್ಧ ಮೂಟೆ ಪುಡಿ ಕರಗಿಸಿ ಬಿಟ್ಟೆ. ಬಡಿಸಿದ ಹಾಗಾಗುತ್ತೆ ಅಂತ."

ಪ್ರಶ್ನೆಪತ್ರಿಕೆಯೂ ಏನೂ ಕೇಳಲಿಲ್ಲ. ಮುದುಕ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಅನ್ನದ ಮೇಲೇ ಕೈ ತೊಳೆದು ಎದ್ದು ಹೋದ. ಅವಳು ಈ ಮನೆಗೆ ಬಂದ ಮೇಲೆ ಅವನು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದದ್ದು ಅದೇ ಮೊದಲು.

ಅಂದಿನಿಂದ ಮಾವ ಸೊಸೆಯ ಜೊತೆ ಮಾತು ಬಿಟ್ಟ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ, ಬೈಯಲೂ ಇಲ್ಲ. ಬೇಕಾದದ್ದನ್ನೆಲ್ಲ ಮೊಮ್ಮಗಳ ಮೂಲಕ ಕೇಳುತ್ತಿದ್ದ.

"ನಿಮ್ಮಮ್ಮಂಗೆ ಹೇಳು, ಬಿಸಿನೀರು ಬೇಕು."

"ಅಮ್ಮ ಇಲ್ಲೇ ನಿಂತಿದಾಳಲ್ಲ ತಾತ, ನೀನೇ ಹೇಳು."

"ನೀನು ಹೇಳು."

ಸೊಸೆ ಬಿಸಿನೀರು ಇಟ್ಟು ಹಿತ್ತಲಿಗೆ ಹೋಗಿ ಸುಮ್ಮನೆ ಕೂರುತ್ತಿದ್ದಳು. ಮಷಿನ್ನನ್ನು ಮುಟ್ಟಲಿಲ್ಲ. ರಜೆ ಶುರುವಾಗಿ ಗೆಸ್ಟ್‌ಹೌಸ್‌ಗಳು ಮತ್ತೆ ತುಂಬಿದ್ದವು. ಬಟ್ಟೆ ಗಂಟುಗಳು ತಗಡಿನ ಮಾಡಿನ ಕೆಳಗೆ ಬಂದು ಬಿದ್ದು ಸೊಂಟದೆತ್ತರವಾದವು. ಮಗ, ಒಗೆದ ನೀರು ಮಣ್ಣಲ್ಲೇ ಇಂಗಲಿ ಎಂದು ಅಂಗಳದಲ್ಲಿ ಗುಂಡಿ ತೋಡಿದ. ಎರಡು ಮೊಳ ಹೋಗುವಷ್ಟರಲ್ಲಿ ಅಡಿಯಿಂದ ಉಪ್ಪುನೀರು ಉಕ್ಕಿ ಗುಂಡಿ ತುಂಬಿತು. ಇನ್ನೊಂದು ಕಡೆ ತೋಡಿದ, ಅಲ್ಲೂ ಅದೇ. ಗುದ್ದಲಿ ಎಸೆದು ಗುಂಡಿಯ ಅಂಚಿನಲ್ಲಿ ಕೂತ.

"ದಡದ ಮನೆ ಕಣೇ. ಏನೇ ಚೆಲ್ಲಿದ್ರೂ ಅಲ್ಲಿಗೇ ಹೋಗುತ್ತೆ," ಎಂದ ಹೆಂಡತಿಗೆ.

ಹತ್ತನೆಯ ದಿನ ಗೆಸ್ಟ್‌ಹೌಸಿನ ಮ್ಯಾನೇಜರ್ ಫೋನ್ ಮಾಡಿದ. ಗಂಟಲು ಎಷ್ಟು ದೊಡ್ಡದಿತ್ತೆಂದರೆ ಜಗುಲಿಯಲ್ಲಿದ್ದ ಮುದುಕನಿಗೂ ಕೇಳಿಸುತ್ತಿತ್ತು. ನಾಳೆ ಸಂಜೆಯೊಳಗೆ ಬಟ್ಟೆ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಅವರಾದರೂ ಬೆಳ್ಳಗೆ ಒಗೆಯುತ್ತಾರೆ ಎಂದ. ಸೊಸೆ "ಹೂಂ ಸಾರ್, ಹೂಂ ಸಾರ್" ಎಂದು ಫೋನ್ ಇಟ್ಟಳು. ಗಂಟುಗಳ ಮುಂದೆ ಹೋಗಿ ನಿಂತಳು. ಒಂದನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಒಳಗೆ ಅಕ್ಕಿ ಡಬ್ಬಿಯ ತಳ ಕಾಣುತ್ತಿತ್ತು. ಅದು ಮುದುಕನಿಗೂ ಗೊತ್ತಿತ್ತು.

ಹನ್ನೊಂದನೆಯ ದಿನ ಬೆಳಗ್ಗೆ ಅವಳು ಎದ್ದು ಬಂದಾಗ ತಗಡಿನ ಮಾಡಿನ ಕೆಳಗೆ ಯಾರೋ ಇದ್ದರು. ಮುದುಕ ಗಂಟುಗಳನ್ನೆಲ್ಲ ಬಿಚ್ಚಿ ಹರಡಿದ್ದ. ದಿಂಬಿನ ಚೀಲ, ಟವೆಲ್ಲು, ಬೆಡ್‌ಶೀಟು ಎಲ್ಲ ಕಲಸಿ ಮಷಿನ್ನಿಗೆ ತುರುಕಿದ್ದ. ಹಾಗೆ ಯಾರೂ ತುರುಕುವುದಿಲ್ಲ. ಸೋಪಿನ ಮೂಟೆಯ ಬಾಯಿ ಬಿಚ್ಚಿತ್ತು. ಅಳತೆಯ ಲೋಟ ಅವನ ಕೈಯಲ್ಲಿತ್ತು.

"ಎಷ್ಟು ಹಾಕ್ಲಿ?" ಎಂದ, ಮೊಮ್ಮಗಳಿಗಲ್ಲ, ಅವಳಿಗೇ.

"ಮೂರು ಲೋಟ ಮಾವ."

"ಎರಡು ಸಾಲ್ದಾ?"

"ಬೆಳ್ಳಗಾಗಲ್ಲ. ವಾಪಸ್ ಕಳಿಸ್ತಾರೆ."

ಮುದುಕ ಒಂದು ಲೋಟ ಹಾಕಿದ. ಎರಡು ಹಾಕಿದ. ಮೂರನೆಯದನ್ನು ತುಂಬಿಕೊಂಡು ಹಾಗೇ ಹಿಡಿದುಕೊಂಡ. ಅಂಚಿನಿಂದ ಪುಡಿ ಒಂದಿಷ್ಟು ಅವನ ಕಾಲ ಮೇಲೆ ಉದುರಿತು.

ಸೊಸೆ ಹತ್ತಿರ ಬಂದು ಕೈ ಚಾಚಿದಳು. "ಬಿಡಿ ಮಾವ. ನಾನು ಹಾಕ್ತೀನಿ."

"ಬೇಡ," ಎಂದ. "ನೀನೊಬ್ಬಳೇ ಯಾಕೆ ಹಾಕ್ಬೇಕು?"

ಮೂರನೆಯ ಲೋಟವನ್ನೂ ತಾನೇ ಸುರಿದು, ಮಷಿನ್ನಿನ ಬಾಗಿಲು ಒತ್ತಿ ಮುಚ್ಚಿದ.